ನೀಲಿ ಚುಕ್ಕೆಯ ಅಜ್ಞಾತವಾಸ

ನನ್ನ ಗೆಳೆಯ ಕಳೆದ ಮಂಗಳವಾರ ಆಸ್ಪತ್ರೆಯಲ್ಲಿ ತೀರಿಕೊಂಡ. ಶ್ವಾಸಕೋಶದ ಕಾಯಿಲೆ. ನಮ್ಮ ಮುದ್ರಣಾಲಯದಲ್ಲಿ ಅವನು ಕರಡು ತಿದ್ದುತ್ತಿದ್ದ. ಅವನು ತಿದ್ದಬೇಕಾದ ತಪ್ಪುಗಳನ್ನು ನಾನು ಬರೆಯುತ್ತಿದ್ದೆ. ಅಲ್ಪವಿರಾಮ ಚಿಹ್ನೆ ತುಸು ಆಚೀಚೆಯಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನ ಹೆಸರು ‘ಅಲ್ಪವಿರಾಮ’ ಎಂದೇ ಆಗಿಹೋಗಿತ್ತು. ಅವನ ಬದುಕಿಗೆ ಪೂರ್ಣವಿರಾಮ ಬಿತ್ತು ಎಂದು ನಾನೇನಾದರೂ ಬರೆದರೆ, ಅಂಚಿನಲ್ಲಿ ‘ಸವಕಲು’ ಎಂದು ಗೀಚಲು ಎದ್ದು ಬಂದಾನು. ಬರುವುದಾದರೆ ಅದನ್ನೇ ಹತ್ತು ಸಲ ಬರೆಯಲು ನಾನು ಸಿದ್ಧ.

ಅವನ ಕೈ ದಾಟದೆ ಅಚ್ಚಿಗೆ ಹೋಗುತ್ತಿರುವ ನನ್ನ ಮೊದಲ ಬರಹ ಇದು. ನನ್ನ ಹಾಸ್ಯ ಲೇಖನಗಳಲ್ಲಿ ಓದುಗರು ನಗುವುದು ಮುದ್ರಣದೋಷಗಳಿಗೆ ಮಾತ್ರ ಎಂದು ಅವನು ವಾದಿಸುತ್ತಿದ್ದ. ಈ ಸಲ ಓದುಗರಿಗೆ ನಗಲು ಅವಕಾಶ ಹೆಚ್ಚಿದೆ.

ಮೂರು ವರ್ಷಗಳ ಹಿಂದೆ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ಇನ್ನು ಮುಂದೆ ಅಂತರಜಾಲದಲ್ಲಿ ನನ್ನ ಸುಳಿವು ಯಾರಿಗೂ ಸಿಗಕೂಡದು! ನಾನು ಏನು ಓದುತ್ತೇನೆ, ಏನು ಕೊಳ್ಳುತ್ತೇನೆ, ಎಲ್ಲಿದ್ದೇನೆ ಎಂಬುದು ನನಗೂ ಭಗವಂತನಿಗೂ ಮಾತ್ರ ಗೊತ್ತಿರಬೇಕು. ಭಗವಂತನೂ ಮೊದಲು ಒಪ್ಪಿಗೆ ಕೇಳಿ ನೋಡಿದರೆ ಒಳ್ಳೆಯದು!

ಸಮರ ಮನೆಯಿಂದಲೇ ಶುರುವಾಯಿತು. ಲ್ಯಾಪ್‌ಟಾಪಿನ ಕ್ಯಾಮೆರಾ ಕಣ್ಣಿಗೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದೆ. ಮರುದಿನ ನನ್ನವಳು ತಂಗಿಗೆ ವಿಡಿಯೊ ಕರೆ ಮಾಡಿದಳು. ಆ ಕಡೆಯಿಂದ, “ಅಕ್ಕಾ, ಎಲ್ಲಾ ಕಪ್ಪಗಿದೆ! ಕರೆಂಟ್ ಬಿಲ್ ಕಟ್ಟಿಲ್ವಾ? ಭಾವ ಕೆಲಸ ಬಿಟ್ರಾ?” ಎಂಬ ಗಾಬರಿಯ ದನಿ ಕೇಳಿತು.

ಆಮೇಲೆ ನಾವು ನೋಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಬ್ರೌಸರಿನ ಕುಕೀಗಳನ್ನು ದಿನವೂ ಗುಡಿಸತೊಡಗಿದೆ. ನನ್ನವಳು ವಾರವಿಡೀ ಆರಿಸಿ ಆರಿಸಿ ಆನ್‌ಲೈನ್ ಅಂಗಡಿಯ ಬುಟ್ಟಿಯಲ್ಲಿ ಇಟ್ಟಿದ್ದ ಕಿಟಕಿ ಪರದೆ, ದಿಂಬಿನ ಗವಸು ಎಲ್ಲವೂ ಆ ಕಸದ ಜೊತೆಗೇ ಹೋದವು.

“ರೀ, ನನ್ನ ಬುಟ್ಟಿ ಖಾಲಿ ಆಗಿದೆ!”

“ಶತ್ರುಗಳಿಗೆ ನಿನ್ನ ಜಾಡು ಸಿಗಬಾರದು ಅಂತ ಅಳಿಸಿದೆ.”

“ಶತ್ರು ಯಾರು ಅಂತ ಈಗ ಗೊತ್ತಾಯ್ತು ಬಿಡಿ.”

ಪಾಸ್‌ವರ್ಡುಗಳನ್ನು ಎಂಥ ಕಬ್ಬಿಣದ ಕೋಟೆಗಳನ್ನಾಗಿ ಮಾಡಿದೆನೆಂದರೆ, ಮೊದಲು ಕೋಟೆಯ ಹೊರಗೆ ಉಳಿದವನು ನಾನೇ! ಏನನ್ನೇ ಹುಡುಕಿದರೂ ಬ್ರೌಸರಿನ ಗುಪ್ತ ಕಿಟಕಿಯಲ್ಲೇ ಹುಡುಕುತ್ತಿದ್ದೆ. ಪಾಂಡವರಿಗೆ ಅಜ್ಞಾತವಾಸ ಒಂದೇ ವರ್ಷ. ನನ್ನದು ಆಜೀವ ಸದಸ್ಯತ್ವ!

“ಆ ಕಿಟಕಿ ನಿನ್ನನ್ನ ಮನೆಯವರಿಂದ ಮಾತ್ರ ಮರೆ ಮಾಡುತ್ತೆ, ಹೊರಗಿನೋರಿಗೆ ಎಲ್ಲಾ ಕಾಣುತ್ತೆ ಅಂತ ಅದರ ಮೇಲೇ ಬರೆದಿದಾರಲ್ಲೋ, ಓದಿದ್ಯಾ?” ಎಂದ ಅಲ್ಪವಿರಾಮ.

“ಸಣ್ಣಕ್ಷರ ಓದೋದು ನಿನ್ನ ಕೆಲಸ. ನಾನು ಬರಹಗಾರ,” ಎಂದೆ.

ಅದೇ ದಿನಗಳಲ್ಲಿ ನಾವು ಬಾಡಿಗೆ ಮನೆ ಬದಲಿಸಿದೆವು. ಬೀರು ಎತ್ತಿಸಲು ಬರುತ್ತೇನೆಂದ ಅಲ್ಪವಿರಾಮ ಗಲ್ಲಿಗಳಲ್ಲಿ ದಾರಿ ತಪ್ಪಿ ಫೋನು ಮಾಡಿದ. “ನೀನು ಎಲ್ಲಿದೀಯ ಅಂತ ಮ್ಯಾಪ್‌ನಲ್ಲಿ ಕಳಿಸೋ ಮಾರಾಯ!” ನನ್ನ ಒಂದು ಭುಜದ ಮೇಲೆ ಬೀರು ಇತ್ತು. ಇನ್ನೊಂದು ಕೈಯಲ್ಲಿದ್ದ ಫೋನು, ಒಂದು ಗಂಟೆ ತೋರಿಸಲೋ, ನೀವೇ ನಿಲ್ಲಿಸುವ ತನಕ ತೋರಿಸಲೋ ಎಂದು ಕೇಳಿತು. ಹೆಬ್ಬೆರಳು ಬಿದ್ದಲ್ಲಿ ಒತ್ತಿದೆ. ಅಂದಿನಿಂದ ಅವನ ಫೋನಿನ ನಕ್ಷೆಯಲ್ಲಿ ನಾನೊಂದು ನೀಲಿ ಚುಕ್ಕೆಯಾಗಿ ನೆಲೆಸಿದೆ. ನನಗೆ ಮಾತ್ರ ಅದು ಗೊತ್ತಿರಲಿಲ್ಲ.

ಮ್ಯಾಪಿನವರು ತಪ್ಪು ಮಾಡಲಿಲ್ಲ. ‘ನೀವು ಇರುವ ಜಾಗ ಇನ್ನೊಬ್ಬರಿಗೆ ಕಾಣುತ್ತಿದೆ’ ಎಂದು ಆಗಾಗ ಇಮೇಲಿನಲ್ಲಿ ನೆನಪಿಸುತ್ತಲೇ ಇದ್ದರು. ಆದರೆ ನಾನು ಪರಿಣತ! ಹೀಗೆ ಹೆದರಿಸುವ ಇಮೇಲುಗಳೆಲ್ಲ ವಂಚಕರ ಗಾಳ ಎಂದು ಬಲ್ಲವನು! ಒಂದನ್ನೂ ತೆರೆಯದೆ ಕಸಕ್ಕೆ ಹಾಕಿ, “ನೋಡು, ಇವತ್ತೂ ಒಬ್ಬ ಕಳ್ಳನನ್ನ ಓಡಿಸಿದೆ,” ಎಂದು ನನ್ನವಳ ಮುಂದೆ ಮೀಸೆ ತಿರುವುತ್ತಿದ್ದೆ.

ಅಲ್ಪವಿರಾಮ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಮುದ್ರಣಾಲಯದಿಂದ ಫೋನು ಮಾಡಿ, “ಎಲ್ಲಿದೀಯೋ?” ಎನ್ನುತ್ತಿದ್ದ.

“ಬಂದೆ, ಬಂದೆ! ಸಿಗ್ನಲ್ ಹತ್ರ ಇದೀನಿ.”

“ಹೌದಾ? ಸಿಗ್ನಲ್‌ನಲ್ಲಿ ಬಿಸಿನೀರು ಸರಿಯಾಗಿ ಬರ್ತಿದೆಯಾ?”

ನಾನು ಟವೆಲ್ಲಿನಲ್ಲಿ ನಿಂತು ಬೆರಗಾಗುತ್ತಿದ್ದೆ. ಬಕೆಟ್ಟಿನ ಸದ್ದು ಕೇಳಿಸಿತೇನೋ ಎಂದು ನಲ್ಲಿ ನಿಲ್ಲಿಸುತ್ತಿದ್ದೆ. ಆಯುಷ್ಯವಿಡೀ ಕರಡು ಓದಿದವನಿಗೆ ಸುಳ್ಳಿನ ವಾಸನೆ ಹಿಡಿಯುವ ಸಿದ್ಧಿ ಒಲಿದಿರಬೇಕು ಎಂದು ಅವನ ಹೆಂಡತಿಯ ಎದುರೂ ಹೊಗಳಿದ್ದೆ. ಅತ್ತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗಿದ್ದರು. ಯಾರಾದರೂ ನನ್ನ ಮೇಲೆ ಕಣ್ಣಿಟ್ಟರೆ ಏನು ಗತಿ ಎಂದು ನಾನು ಭಾಷಣ ಬಿಗಿದಾಗ, “ಇಟ್ಟೋನಿಗೆ ಎಷ್ಟು ಬೇಜಾರಾಗುತ್ತೆ ಅಂತ ನಾನು ಬಲ್ಲೆ ಕಣೋ,” ಎಂದು ಅವನು ನಿಟ್ಟುಸಿರು ಬಿಟ್ಟಿದ್ದ.

ಈ ನಡುವೆ ನನ್ನ ರಕ್ತದಲ್ಲಿ ಸಕ್ಕರೆ ಏರಿತು. ದಿನವೂ ಬೆಳಿಗ್ಗೆ ನಡೆಯಲೇಬೇಕೆಂದು ಡಾಕ್ಟರು ಗದರಿದರು. ನನ್ನವಳು ಹೊಸ ಶೂ ತಂದುಕೊಟ್ಟಳು. ನಾನು ದಿನವೂ ನಡೆದೆ, ಪಾರ್ಕಿನ ಹಿಂಬದಿಯ ಬೇಕರಿಯವರೆಗೆ! ಬಿಸಿ ಬನ್ನು, ಬೆಣ್ಣೆ, ಪುಕ್ಕಟೆ ಪೇಪರು. ಮನೆಗೆ ಬಂದು, “ಅಬ್ಬಾ, ಪಾರ್ಕು ಮೂರು ಸುತ್ತು!” ಎಂದು ಕುರ್ಚಿಗೆ ಕುಸಿಯುತ್ತಿದ್ದೆ. ಅವಳು ಪಾಪ, ಫ್ಯಾನು ಹಾಕುತ್ತಿದ್ದಳು.

ಗ್ರಹಚಾರಕ್ಕೆ ಒಂದು ಭಾನುವಾರ ನನ್ನ ಭಾವಮೈದುನ ಮನೆಗೆ ಬಂದ. ಅವನಿಗೆ ಅಂತರಜಾಲದ ಗುಟ್ಟುಗಳ ಉಪದೇಶ ಮಾಡುವ ಹುಮ್ಮಸ್ಸಿನಲ್ಲಿ ನನ್ನ ಫೋನನ್ನು ಟೀವಿಗೆ ಜೋಡಿಸಿ, “ನೋಡಪ್ಪಾ, ನಮ್ಮ ಗುಟ್ಟು ಎಷ್ಟು ಭದ್ರ ಅಂತ ಇಲ್ಲೇ ಪರೀಕ್ಷೆ ಮಾಡಬಹುದು,” ಎಂದು ಗುಂಡಿ ಒತ್ತಿದೆ. ಗೋಡೆಯಗಲದ ಪರದೆಯ ಮೇಲೆ ನಾನು ಹೋಗಿ ಬಂದ ಜಾಗಗಳು ದಿನವಾರು ಮೆರವಣಿಗೆ ಹೊರಟವು. ಸೋಮವಾರ, ಬೇಕರಿ. ಮಂಗಳವಾರ, ಬೇಕರಿ. ಬುಧವಾರ, ಬೇಕರಿ!

“ಪಾರ್ಕು ಮೂರು ಸುತ್ತು ಅಂತಿದ್ರಲ್ಲಾ,” ಎಂದಳು ನನ್ನವಳು ತಣ್ಣಗೆ. “ಎಲ್ಲಿ ರೀ ಪಾರ್ಕು?”

“ಅದು... ಬೇಕರಿ ಮುಂದೆ ಹಾದು ಹೋಗ್ತೀನಲ್ಲ...”

“ಮುಕ್ಕಾಲು ಗಂಟೆ ಹಾದು ಹೋಗ್ತೀರಾ? ಅಷ್ಟುದ್ದ ಇದೆಯಾ ಬೇಕರಿ?”

ಗಾಬರಿಯಲ್ಲಿ ಬೆರಳು ಜಾರಿ ಮುಂದಿನ ಪುಟ ತೆರೆಯಿತು. ನಾನಿರುವ ಜಾಗ ಯಾರಿಗೆಲ್ಲ ಕಾಣುತ್ತದೆ ಎಂಬ ಪುಟ. ಅಲ್ಲಿ ಒಂದೇ ಒಂದು ಮುಖ. ಕನ್ನಡಕ ಹಣೆಗೇರಿಸಿಕೊಂಡು ನಗುತ್ತಿರುವ ಅಲ್ಪವಿರಾಮ!

ನನ್ನವಳು ಅಲ್ಲೇ ಅವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. “ಅಣ್ಣಾ, ಇವರು ಬೇಕರಿಗೆ ಹೋಗೋದು ನಿಮಗೆ ಗೊತ್ತಿತ್ತಾ?”

“ನೋಡಮ್ಮಾ, ನನಗೆ ಕಾಣೋದು ಒಂದು ನೀಲಿ ಚುಕ್ಕೆ,” ಎಂದ ಅವನು, ನಡುನಡುವೆ ಉಸಿರೆಳೆದುಕೊಳ್ಳುತ್ತ. “ಚುಕ್ಕೆ ಬನ್ನು ತಿನ್ನೋದು ಕಾಣಲ್ಲ.”

ಭಾವಮೈದುನ ನಕ್ಕು ನಕ್ಕು ಸೋಫಾದಿಂದ ಕೆಳಗೆ ಜಾರಿದ. ನನಗೆ ಮೈಯೆಲ್ಲ ಉರಿಯಿತು. “ಇಷ್ಟು ವರ್ಷ ಸುಮ್ಮನೆ ನೋಡ್ತಾ ಕೂತಿದ್ಯಾ ಪತ್ತೇದಾರ! ತಡಿ, ಈಗಲೇ ನಿಲ್ಲಿಸ್ತೀನಿ!”

“ಬೇಡ ಕಣೋ.”

ಅವನು ಹಾಗೆ ಬೇಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಗಲೇ ಅವನು ಕೆಲಸ ಬಿಟ್ಟು, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಮನೆ ಹಿಡಿದಿದ್ದ. ಕೋಣೆಯಿಂದ ಬಚ್ಚಲಿಗೆ ಹೋಗಿಬರುವುದೇ ಅವನ ದೇಶಾಟನೆಯಾಗಿತ್ತು.

“ಇರಲಿ ಬಿಡೋ. ಇಲ್ಲಿ ಮಲಗಿ ಸೂರು ನೋಡಿ ನೋಡಿ ಸಾಕಾಗಿದೆ. ನೀನು ಓಡಾಡೋದು ನೋಡ್ತಿದ್ರೆ ನಾನೂ ಒಂದಿಷ್ಟು ಹೊರಗೆ ಹೋಗಿ ಬಂದ ಹಾಗಾಗುತ್ತೆ. ಆದ್ರೆ ದಿನಾ ಅದೇ ಬೇಕರಿ ಬೇಡ ಮಾರಾಯ. ಬೇರೆ ಎಲ್ಲಾದ್ರೂ ಹೋಗು.”

ಟೀವಿ ಆರಿಸಿದವಳು ನನ್ನವಳು. ಶೂ ತಂದು ನನ್ನ ಕಾಲ ಬಳಿ ಇಟ್ಟವಳೂ ಅವಳೇ.

ಅಂದಿನಿಂದ ಡಾಕ್ಟರ ಮಾತಿಗೆ ನಡೆಯದವನು ಅವನಿಗಾಗಿ ನಡೆದೆ. ಅವನು ಮಲಗಿದಲ್ಲಿಂದಲೇ ಅಪ್ಪಣೆ ಕೊಡಿಸುತ್ತಿದ್ದ. “ಇವತ್ತು ಹಳೇ ಸೇತುವೆ ಕಡೆ ಹೋಗು.” “ಗ್ರಂಥಾಲಯದ ಹಿಂದಿನ ಗಲ್ಲಿ ನೋಡಿ ಬಾ, ಅಲ್ಲಿ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಿದಾರಾ?” ತಿದ್ದಿರಲಿಲ್ಲ. ಹಾಗೆಂದು ಹೇಳಿದಾಗ ಅವನಿಗೆ ಎಂಥ ಖುಷಿ! ಸಂದಿಗೊಂದಿ ತಿರುಗಿ ನನ್ನ ಸಕ್ಕರೆ ಇಳಿಯಿತು. ಅವನ ಉಸಿರೂ ಇಳಿಯುತ್ತಿತ್ತು.

ಕಳೆದ ಮಂಗಳವಾರ ಬೆಳಿಗ್ಗೆ, ಹಿಂದಿನ ರಾತ್ರಿ ಸೇರಿದ್ದ ಆಸ್ಪತ್ರೆಯಿಂದ ಅವನೇ ಫೋನು ಮಾಡಿದ. “ಮಧ್ಯಾಹ್ನ ಉಸಿರಾಟದ ಯಂತ್ರ ಹಾಕ್ತಾರಂತೆ. ಆಮೇಲೆ ಮಾತಾಡಕ್ಕಾಗಲ್ಲ. ಅಷ್ಟರೊಳಗೆ ಬರ್ತೀಯಾ?”

“ಬಂದೆ, ಬಂದೆ! ಆಸ್ಪತ್ರೆ ಗೇಟ್ ಹತ್ರಾನೇ ಇದೀನಿ,” ಎಂದುಬಿಟ್ಟೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ; ಬಾಯಿಗೆ ಅದೇ ರೂಢಿ. ನಾನಿದ್ದದ್ದು ನಮ್ಮ ಮನೆಯ ಹೊಸ್ತಿಲಲ್ಲಿ, ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು. ಆಸ್ಪತ್ರೆ ಊರಿನ ಇನ್ನೊಂದು ಕೊನೆಯಲ್ಲಿತ್ತು. ಸ್ಕೂಟರನ್ನು ಹೇಗೆ ಓಡಿಸಿದೆನೋ ಗೊತ್ತಿಲ್ಲ. ನಾನು ವಾರ್ಡಿನ ಬಾಗಿಲು ತಳ್ಳಿದಾಗ ಎಲ್ಲ ಮುಗಿದಿತ್ತು. ಯಂತ್ರ ಹಾಕುವಷ್ಟು ಹೊತ್ತೂ ಅವನು ಕೊಟ್ಟಿರಲಿಲ್ಲ.

ಉಳಿದದ್ದನ್ನು ಅತ್ತಿಗೆ ಹೇಳಿದರು. ಫೋನು ಇಟ್ಟ ಮೇಲೆ ಅವನು ಮ್ಯಾಪು ತೆರೆದು ನೋಡಿದನಂತೆ. ಅತ್ತಿಗೆಯೂ ಬಗ್ಗಿ ನೋಡಿದರಂತೆ. ಚುಕ್ಕೆ ನಮ್ಮ ಮನೆಯಲ್ಲೇ ಇತ್ತು. ಅಷ್ಟರಲ್ಲಿ ನರ್ಸು ಬಂದು, ಭೇಟಿಯ ಸಮಯ ಮುಗಿಯಿತು, ಇನ್ನು ಯಾರನ್ನೂ ಬಿಡುವುದಿಲ್ಲ ಎಂದಳಂತೆ.

“‘ಒಬ್ಬನನ್ನ ಬಿಡಿ ಸಿಸ್ಟರ್, ಗೇಟ್ ಹತ್ರ ಬಂದುಬಿಟ್ಟಿದಾನೆ’ ಅಂದ್ರು,” ಎಂದರು ಅತ್ತಿಗೆ.

ಆಮೇಲೆ ಫೋನನ್ನು ಮಗುಚಿಟ್ಟು, ನಿಧಾನವಾಗಿ ಕೈ ಚಾಚಿ, ಮಂಚದ ಪಕ್ಕದ ಕುರ್ಚಿಯ ಮೇಲಿದ್ದ ಒದ್ದೆ ಟವೆಲನ್ನು ತೆಗೆದು ತನ್ನ ಕಾಲ ಮೇಲೆ ಹಾಕಿಕೊಂಡು, ನನಗೆ ಕೂರಲು ಜಾಗ ಮಾಡಿದನಂತೆ.