ಮುಳ್ಳು ನೋಡುವ ಕೆಲಸ

ನಮ್ಮ ಕಾರಿನ ಪೆಟ್ರೋಲ್ ಮುಳ್ಳು ಕೆಟ್ಟಿದೆಯಂತೆ. ಹಾಗೆಂದು ನಮ್ಮ ಅಳಿಯ ಹೇಳುತ್ತಾರೆ. ಅವರು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮುಳ್ಳು ಎಂದರೆ ಒಂದೇ ಮಾತು ಹೇಳಬೇಕು, ಅದೂ ಸರಿಯಾಗಿರಬೇಕು ಎನ್ನುವವರು. ನಾನು ಓದಿದ್ದು ಕಡಿಮೆ. ಆದರೆ ಆ ಮುಳ್ಳನ್ನು ಓದಿದಷ್ಟು ಬೇರೇನನ್ನೂ ಓದಿಲ್ಲ.

ನಮ್ಮವರು ಇದ್ದಾಗ ಕಾರು ಓಡಿಸುವುದು ಅವರು, ಮುಳ್ಳು ನೋಡುವುದು ನಾನು. ತಮಗೆ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ ಎನ್ನುತ್ತಿದ್ದರು. (ಪೇಪರು ಮಾತ್ರ ಕನ್ನಡಕ ಇಲ್ಲದೆ ಓದುತ್ತಿದ್ದರು. ಅದು ನನಗೆ ಆಗ ಹೊಳೆಯಲಿಲ್ಲ.) ಬೀದಿ ತಿರುಗುವಷ್ಟರಲ್ಲಿ, "ಏನಂತೆ ನಿನ್ನ ಮುಳ್ಳು?" ಎಂದು ಕೇಳುವರು. ನಾನು ಬಗ್ಗಿ ನೋಡಿ ಹೇಳುವೆ.

ಹೇಳುವುದು ಸುಲಭವಲ್ಲ. ಆ ಮುಳ್ಳು ಉಬ್ಬು ಬಂದರೆ ಎದ್ದು ನಿಲ್ಲುತ್ತದೆ. ತಿರುವಿನಲ್ಲಿ ಮಲಗುತ್ತದೆ. ಒಮ್ಮೊಮ್ಮೆ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ನೋಡಿ ನೋಡಿ ನಾನೇ ಒಂದು ಶಾಸ್ತ್ರ ಕಟ್ಟಿದೆ. ನಡುಗಿದರೆ ಅರ್ಧ ಟ್ಯಾಂಕು. ಮಲಗಿ ಆಮೇಲೆ ಎದ್ದರೆ ಮುಕ್ಕಾಲು. ನೆಟ್ಟಗೆ ನಿಂತರೆ ನಂಬಬಾರದು. ನಾನು "ಅರ್ಧ ಇದೆ" ಎಂದರೆ ನಮ್ಮವರು "ಸರಿ, ಹಾಗಾದ್ರೆ ಹೋಗೋಣ" ಎನ್ನುವರು. ಅಷ್ಟು ವರ್ಷದಲ್ಲಿ ಒಂದು ಸಲವೂ ಕಾರು ದಾರಿಯಲ್ಲಿ ನಿಲ್ಲಲಿಲ್ಲ. ಆ ಕಾರಿನ ಇಂಧನ ಮಂತ್ರಿ ನಾನೇ.

ಈಗ ಅವರಿಲ್ಲ. ಕಾರಿದೆ. ಮಗಳು, ಅಳಿಯ ಬಂದು ನನ್ನ ಜೊತೆಗಿದ್ದಾರೆ. ಕಾರು ಅಳಿಯ ಓಡಿಸುತ್ತಾರೆ. ನಾನು ಮುಂದಿನ ಸೀಟಿನಲ್ಲೇ ಕೂರುತ್ತೇನೆ. ಅಲ್ಲಿ ಕೂತರೆ ನನಗೆ ಸ್ವಲ್ಪ ಸಮಾಧಾನ. ಮನೆಯೊಳಗೆ ಎಲ್ಲಿ ಕೂತರೂ ಆಗುವುದಿಲ್ಲ.

ಅಳಿಯ ಸುಮ್ಮನಿರಲಿಲ್ಲ. ಮೀಟರಿನ ಗಾಜಿಗೆ ಬೆರಳಲ್ಲಿ ಕುಟ್ಟಿದರು. ಫ್ಯೂಸ್ ಬದಲಾಯಿಸಿದರು. ಫೋನಿನಲ್ಲಿ ಯಾರದೋ ವಿಡಿಯೋ ನೋಡಿ ಒಂದು ವೈರು ಎಳೆದರು, ಹಾರ್ನ್ ಹೋಯಿತು. ಮತ್ತೆ ಸೇರಿಸಿದರು, ಹಾರ್ನ್ ಬಂತು, ವೈಪರ್ ನಿಲ್ಲದಾಯಿತು. ಕೊನೆಗೆ ಮೆಕ್ಯಾನಿಕ್ ಬಂದ. ಟ್ಯಾಂಕಿನೊಳಗೆ ಪೆಟ್ರೋಲ್ ಮೇಲೆ ತೇಲುವ ಬುರುಡೆಯೊಂದು ಇರುತ್ತದಂತೆ. ಅದು ಸಡಿಲವಾಗಿದೆ, ಟ್ಯಾಂಕ್ ಇಳಿಸಿ ಹೊಸದು ಹಾಕಬೇಕು ಎಂದ.

"ಏನೂ ಹಾಕೋದು ಬೇಡ," ಎಂದೆ.

"ಅತ್ತೆ, ಮುಳ್ಳು ಸುಳ್ಳು ಹೇಳ್ತಿದೆ."

"ನನಗೆ ಹೇಳಲ್ಲ."

"ಸರಿ ಮಾಡಿಸಿದ್ರೆ ನಾನೇ ನೋಡ್ಕೋಬಹುದಲ್ಲ? ನೀವು ಹಿಂದೆ ಆರಾಮಾಗಿ ಕಾಲು ಚಾಚಿ ಕೂತ್ಕೋಬಹುದು."

ಅಳಿಯ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಮುಳ್ಳು ಸರಿಯಾದರೆ ಮುಂದಿನ ಸೀಟಿನಲ್ಲಿ ನನಗೇನು ಕೆಲಸ? ಗಂಡ ಹೋದರು. ಸೀಟೂ ಹೋಗಬೇಕೆ?

"ಒಂದು ಪರೀಕ್ಷೆ ಆಗಲಿ," ಎಂದೆ. "ನಾನು ಮುಳ್ಳು ನೋಡಿ ಹೇಳ್ತೀನಿ. ನೀವು ಬಂಕಿಗೆ ಹೋಗಬಾರದು. ಕಾರು ನಿಂತ್ರೆ ಟ್ಯಾಂಕ್ ಇಳಿಸಿ, ನಾನು ಹಿಂದೆ ಕೂರ್ತೀನಿ. ನಿಲ್ಲದಿದ್ರೆ ಮುಳ್ಳಿನ ತಂಟೆಗೆ ಬರಬಾರದು."

ಮೇಷ್ಟ್ರಿಗೆ ಪರೀಕ್ಷೆ ಎಂದರೆ ಇಷ್ಟ. ಒಪ್ಪಿದರು.

ಮಾರನೆಯ ದಿನವೇ ಪರೀಕ್ಷೆ ಬಂತು. ನನ್ನ ನಾದಿನಿ, ಅಂದರೆ ನಮ್ಮವರ ತಂಗಿ, ಪಕ್ಕದ ಬೀದಿಯಲ್ಲೇ ಇದ್ದಾಳೆ. ಅವಳಿಗೆ ದವಡೆ ಹಲ್ಲಿನ ನೋವು. ಕೆನ್ನೆ ಊದಿ ಬಾಯಿ ಬಿಡಲಾಗದ ಸ್ಥಿತಿ. (ಅವಳ ಬಾಯಿ ಮುಚ್ಚಿದ್ದು ನಾನು ಮದುವೆಯಾಗಿ ಬಂದ ಮೇಲೆ ಅದೇ ಮೊದಲು.) ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹಲ್ಲಿನ ಡಾಕ್ಟರ ಹತ್ತಿರ ಹೊರಟೆವು.

ಮುಳ್ಳು ನೋಡಿದೆ. ಚೆನ್ನಾಗಿ ನಡುಗುತ್ತಿತ್ತು.

"ಅರ್ಧ ಟ್ಯಾಂಕು. ನಡೀರಿ."

"ಅತ್ತೆ, ನಾನು ಪೆಟ್ರೋಲ್ ಹಾಕಿಸಿ ಬಹಳ ದಿನ ಆಯ್ತು."

"ಅದು ನಿಮ್ಮ ಲೆಕ್ಕ. ಇದು ನನ್ನ ಲೆಕ್ಕ."

ಪೆಟ್ರೋಲ್ ಬಂಕು ಬಂತು. ನಾದಿನಿ ಹಿಂದಿನಿಂದ ಅಳಿಯನ ಭುಜ ತಟ್ಟಿದಳು. ಬಂಕಿನ ಕಡೆ ಕೈ ತೋರಿಸಿ "ಊಂ, ಊಂ" ಎಂದಳು.

"ಏನಂತೆ ಅವರಿಗೆ?"

"ನೋವು ಜಾಸ್ತಿಯಾಗಿದೆ, ಪಾಪ. ಬೇಗ ಹೋಗಿ ಅಂತಿದ್ದಾಳೆ."

ಅವಳು ನನ್ನ ತುರುಬು ಹಿಡಿದು ಜಗ್ಗಿದಳು. ನೋವಿನಲ್ಲಿ ಜನ ಏನೇನೋ ಮಾಡುತ್ತಾರೆ. ಸಹಿಸಿಕೊಂಡೆ.

ದೊಡ್ಡ ರಸ್ತೆ ಸೇರಿದ ಮೇಲೆ ಕಾರು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಕೆಮ್ಮಲೂ ಇಲ್ಲ. ಅಳಿಯ ಹೇಗೋ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಮುಳ್ಳು ನೆಟ್ಟಗೆ ನಿಂತಿತ್ತು. ಅಳಿಯ ಸ್ಟೀರಿಂಗಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅದಕ್ಕೇ ನನಗೆ ಹೆಚ್ಚು ಅವಮಾನವಾಯಿತು.

"ಹೀಗಾಗೋಕೆ ಸಾಧ್ಯವೇ ಇಲ್ಲ," ಎಂದೆ. "ನಮ್ಮವರಿದ್ದಾಗ ಒಂದು ದಿನಾನೂ ನಾನು ತಪ್ಪು ಹೇಳಿಲ್ಲ."

ನಾದಿನಿ ಎರಡೂ ಕೈಯಲ್ಲಿ ದವಡೆ ಹಿಡಿದುಕೊಂಡು ಬಾಯಿ ಬಿಟ್ಟಳು.

"ಅತ್ತಿಗೆ, ಅಣ್ಣ ಹೊರಡೋ ಹಿಂದಿನ ದಿನಾನೇ ಟ್ಯಾಂಕ್ ತುಂಬಿಸ್ಕೊಂಡು ಬರ್ತಿದ್ದ. ಪ್ರತಿ ಸಲ."

"ಸುಳ್ಳು."

"ನಾನೇ ಎಷ್ಟೋ ಸಲ ಜೊತೆಗೆ ಹೋಗಿದ್ದೀನಿ. ಅತ್ತಿಗೆಗೆ ಹೇಳ್ಬೇಡ ಅಂತಿದ್ದ."

"ಮತ್ತೆ ನನ್ನನ್ನ ಯಾಕೆ ಕೇಳ್ತಿದ್ರು?"

"ನೀವು ಮುಳ್ಳು ನೋಡ್ತಾ ಕೂತ್ರೆ ಅವನ ಡ್ರೈವಿಂಗ್ ನೋಡ್ತಿರಲಿಲ್ವಂತೆ. ಮೊದಮೊದಲು ನಿಧಾನ, ಬ್ರೇಕು, ನಾಯಿ ಬಂತು, ಸೈಕಲ್ ಬಂತು ಅಂತ ತಲೆ ತಿಂತಿದ್ರಂತೆ. ಮುಳ್ಳು ಕೆಟ್ಟ ಮೇಲೆ ನೆಮ್ಮದಿ ಆಯ್ತು ಅಂತಿದ್ದ. ಅದಕ್ಕೇ ರಿಪೇರಿ ಮಾಡಿಸ್ಲೇ ಇಲ್ಲ."

ಇಷ್ಟು ಹೇಳಿ ಅತ್ತಳು. ಹಲ್ಲಿಗೋ ಅಣ್ಣನಿಗೋ ಗೊತ್ತಾಗಲಿಲ್ಲ.

ನನಗೆ ಸಿಟ್ಟು ಬಂತು. ನಮ್ಮವರು ಹೋದ ಮೇಲೆ ಅಳು ಬೇಕಾದಷ್ಟು ಬಂದಿದೆ, ಅವರ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು. ಜಗಳ ಆಡೋಣ ಎಂದರೆ ಆ ಕಡೆ ಆಳಿಲ್ಲ. ಪಕ್ಕದಲ್ಲಿದ್ದದ್ದು ಅಳಿಯ. ಅಳಿಯನ ಜೊತೆ ಎಷ್ಟು ಜಗಳ ಆಡಲಾಗುತ್ತದೆ?

ಬಾಗಿಲು ತೆಗೆದು ಇಳಿದೆ.

"ಎಲ್ಲಿಗೆ ಅತ್ತೆ?"

"ಹಿಂದಿನ ಸೀಟಿಗೆ. ಮಾತು ಅಂದ್ರೆ ಮಾತು. ನಾಳೆ ಟ್ಯಾಂಕ್ ಇಳಿಸ್ಲಿ."

ಅಳಿಯ ನಾದಿನಿಯನ್ನು ನೋಡಿದರು. ಮುಳ್ಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮನಸ್ಸಿನಲ್ಲೇ ಏನೋ ಕೂಡಿ ಕಳೆಯುತ್ತಿದ್ದರು.

"ಬೇಡ ಅತ್ತೆ," ಎಂದರು. "ಮುಂದೇನೇ ಕೂತ್ಕೊಳ್ಳಿ. ಮುಳ್ಳು ಹೇಗಿದೆಯೋ ಹಾಗೇ ಇರಲಿ. ಪೆಟ್ರೋಲ್ ನಾನು ಹಾಕಿಸ್ತೀನಿ."

ಕ್ಯಾನ್ ಹಿಡಿದು ಬಂಕಿನವರೆಗೆ ನಡೆದು ಹೋಗಿ ಬಂದರು. ಪೆಟ್ರೋಲ್ ಸುರಿದು, ಬೆವರು ಒರೆಸಿಕೊಂಡು ಕೂತರು. ಅಂತೂ ಸೀಟು ನನಗೇ ಉಳಿಯಿತು. ಮರ್ಯಾದೆ ರಸ್ತೆಯ ಪಕ್ಕ ಉಳಿಯಿತು.

ಕಾರು ಹೊರಟಿತು. ನಾನು ಮುಳ್ಳಿನ ಕಡೆ ತಿರುಗಲಿಲ್ಲ. ರಸ್ತೆ ನೋಡಿದೆ. ನಮ್ಮ ಅಳಿಯ ಎಂಥ ಡ್ರೈವರು ಎಂದು ಆಗ ಕಂಡಿತು.

"ನಿಧಾನ," ಎಂದೆ. "ಅಷ್ಟು ಎಡಕ್ಕೆ ಒತ್ತಬೇಡಿ. ಲಾರಿ ಬಂತು. ಬ್ರೇಕು, ಬ್ರೇಕು!"

"ಅತ್ತೆ," ಎಂದರು ಅಳಿಯ, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, "ಸ್ವಲ್ಪ ಮುಳ್ಳು ಏನಂತೆ ನೋಡಿ."