ಬೀಗರೂರಿಗೆ ಬಸ್ ಪ್ರಯಾಣ

ನಾನು ವಾಚ್ ರಿಪೇರಿಯವರನ್ನು ಮೊದಲು ಕಂಡ ದಿನ ಅವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಗೆತ್ತಿಕೊಂಡ ಗಡಿಯಾರವನ್ನು ಮರೆತು ಚಿಂತೆಯಲ್ಲಿ ಮುಳುಗಿದ್ದರು. ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಭಾನುವಾರ ಗಂಡಿನ ಮನೆ ನೋಡಲು ಮೂರು ಗಂಟೆ ಬಸ್ಸಿನಲ್ಲಿ ಹೋಗಬೇಕು. ಇವರಿಗೋ ಬಸ್ಸಿನ ವಾಸನೆಗೇ ಹೊಟ್ಟೆ ತೊಳಸುತ್ತದೆ!

"ಬೀಗರ ಮುಂದೆ ವಾಂತಿ ಮಾಡಿಕೊಂಡರೆ ಸಂಬಂಧ ಉಳಿಯುತ್ತಾ ಸಾರ್?" ಎಂದರು.

ಭಾನುವಾರ ಹೆಂಡತಿಯದೇ ಆಡಳಿತ. ಲಘು ಉಪಾಹಾರ, ಮುಂದಿನ ಸೀಟು, ತೆರೆದ ಕಿಟಕಿ. ಮಾತ್ರೆಗೆ ಮಾತ್ರ ಇವರು ಒಪ್ಪಲಿಲ್ಲ. (ನಿದ್ದೆ ಬಂದು ಬೀಗರೆದುರು ಆಕಳಿಸಿದರೆ?)

"ದೂರ ನೋಡ್ತಾ ಇರಿ. ಹತ್ತಿರದ್ದೇನೂ ನೋಡಬೇಡಿ."

"ನೀನೂ ಹತ್ತಿರವೇ ಇದೀಯಲ್ಲೇ?"

"ನನ್ನನ್ನೂ ನೋಡಬೇಡಿ. ಮೂವತ್ತು ವರ್ಷ ನೋಡಿದ್ದು ಸಾಕು."

ಎರಡೂವರೆ ಗಂಟೆ ಇವರು ದಿಗಂತವನ್ನೇ ದಿಟ್ಟಿಸಿದರು. ಪಹರೆ ಕಾದು ದಣಿದ ಹೆಂಡತಿ ತೂಕಡಿಸಿದರು. ಆಗ ಇವರ ಕಣ್ಣಿಗೆ ಬಿತ್ತು, ಡ್ರೈವರ್ ಮುಂದೆ ತೂಗುಹಾಕಿದ್ದ ಪುಟ್ಟ ಗಡಿಯಾರ. ನಿಂತುಹೋಗಿತ್ತು! ಇವರು ದಿಗಂತ ನೋಡಿದರು, ಗಡಿಯಾರ ನೋಡಿದರು, ಮತ್ತೆ ದಿಗಂತ ನೋಡಿದರು. ಕೈ ತಡೆಯಲಿಲ್ಲ.

"ಅಣ್ಣಾ, ಅದನ್ನ ಇಲ್ಲಿ ಕೊಡಿ, ಎರಡೇ ನಿಮಿಷ."

ಭೂತಗನ್ನಡಿ ಜೇಬಿನಲ್ಲೇ ಇತ್ತು. ಸಾಸಿವೆಗಿಂತ ಸಣ್ಣ ಸ್ಕ್ರೂ, ಕುಲುಕುವ ಬಸ್ಸು, ಸಾಲಾಗಿ ತಿರುವುಗಳು. ಕೊನೆಗೆ ಮುಳ್ಳೂ ತಿರುಗಿತು, ಇವರ ಹೊಟ್ಟೆಯೂ ತಿರುಗಿತು. ಅಷ್ಟರಲ್ಲಿ ಬೀಗರ ಊರು ಬಂದೇಬಿಟ್ಟಿತು. ಬಸ್ಸಿನ ಬಾಗಿಲ ಬಳಿಯೇ ಬೀಗರು, ಬೀಗಿತ್ತಿ, ಹುಡುಗ ಸಾಲಾಗಿ ನಿಂತಿದ್ದರು.

ಇವರು ನಮಸ್ಕಾರಕ್ಕೆಂದು ಕೈ ಎತ್ತಿದವರು ಬಾಯಿ ಮುಚ್ಚಿಕೊಂಡರು. ಪ್ರಯೋಜನವಾಗಲಿಲ್ಲ.

ಬೀಗರು ಎರಡು ಹೆಜ್ಜೆ ಹಿಂದೆ ಸರಿದರು. ಹುಡುಗ ಮಾತ್ರ ಮುಂದೆ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗತಿ ಏನಾದೀತೆಂದು ನೋಡದೆ, ಇವರ ಹಣೆ ಹಿಡಿದು ಬೆನ್ನು ಸವರಿದ. "ನಿಧಾನ ಮಾವ, ಎಲ್ಲಾ ಹೋಗಲಿ."

ಎಲ್ಲಾ ಹೋಯಿತೆಂದೇ ಇವರೂ ಅಂದುಕೊಂಡರು, ಮಗಳ ಮದುವೆಯೂ ಸೇರಿ. ಬಾಯಿ ತೊಳೆದು ಬಂದು ಹೆಂಡತಿಯ ಮುಂದೆ ತಲೆ ತಗ್ಗಿಸಿದರು.

"ಇನ್ನು ಮನೆ ನೋಡೋದೇನಿದೆ? ಹುಡುಗ ಹಣೆ ಬಿಡಲಿಲ್ಲ. ನಾನು ಒಪ್ಪಿದೆ," ಎಂದರು ಆಕೆ.

"ಹಾಗಾದರೆ ನನ್ನಿಂದಲೇ ಕೂಡಿ ಬಂತು ಅನ್ನು!"

"ಬಾಯಿ ಮುಚ್ಚಿ. ಆಗ ಮುಚ್ಚಬೇಕಿತ್ತು."

ಈಗ ಇವರು ತಿಂಗಳಿಗೊಮ್ಮೆ ಮಗಳ ಮನೆಗೆ ಹೋಗುತ್ತಾರೆ. ಬಸ್ ಹತ್ತಿದೊಡನೆ ಹೆಂಡತಿ ಟವೆಲ್ಲಿನಿಂದ ಕಣ್ಣು ಕಟ್ಟುತ್ತಾರೆ. ಕಣ್ಣಿನ ಆಪರೇಷನ್ ಆಗಿದೆಯೆಂದು ಜನ ಮರುಗಿ ಸೀಟು ಬಿಡುತ್ತಾರೆ. ಇವರು ಅಲ್ಲಗಳೆಯುವುದಿಲ್ಲ. ಆಗಾಗ ನರಳುವುದೂ ಉಂಟು.