ಅಂಗರಚನೆ ಕಲಿಸಲು ಬಂದ ಪೈಲ್ವಾನ

ಹೆಣ ಕೊಯ್ದು ಪಾಠ ಹೇಳುವವನಿಗೆ ನಗುವ ಪ್ರಸಂಗ ಎಲ್ಲಿಂದ ಬರಬೇಕು ಎನ್ನುತ್ತಾರೆ. ಹೆಣ ಸುಮ್ಮನಿರುತ್ತದೆ. ಹುಡುಗರು ಸುಮ್ಮನಿರುವುದಿಲ್ಲ.

೧. ಪರದೆ

ತೊಂಬತ್ತರ ದಶಕದಲ್ಲಿ ಚಿಕ್ಕೋಡಿ ಕಡೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ನಾನು ಅಂಗರಚನೆಯ ಮಾಸ್ತರ. ಬಣ್ಣದ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದೆ. ಪ್ರಿನ್ಸಿಪಾಲರು ಪ್ರೊಜೆಕ್ಟರ್ ತರಿಸಿದರು. ಕಿಟಕಿ ಮುಚ್ಚಿ ಪರದೆಯ ಮೇಲೆ ಪಾಠ ನಡೆಸಿದೆ. ತಿಂಗಳಾದ ಮೇಲೆ ಅವರೇ ಬಂದು ಹುಡುಗರನ್ನು ಕೇಳಿದರು.

"ಯಾವ ಪದ್ಧತಿ ಚಲೋ? ಖರೇ ಹೇಳ್ರಿ."

ಮುಗಳಖೋಡದ ಹುಡುಗ ಎದ್ದ. "ಪರದೇನ ಚಲೋ ಐತ್ರಿ ಸರ್."

"ಯಾಕ?"

"ಇಲ್ಲಿ ಕತ್ತಲ ಇರತೈತ್ರಿ. ಹಲಗಿ ಮುಂದ ನಿದ್ದಿ ಹತ್ತಿದ್ರ ಮಾಸ್ತರಿಗೆ ಕಾಣತೈತಿ."

೨. ತೋಳು

ಕಿಟಕಿ ತೆರೆದು ಹಲಗೆಗೇ ಮರಳಿದೆ. ಆದರೆ ಸ್ನಾಯು ಕೆಲಸ ಮಾಡುವುದನ್ನು ಹೆಣ ತೋರಿಸುವುದಿಲ್ಲ, ಹಲಗೆಯೂ ಪರದೆಯೂ ತೋರಿಸುವುದಿಲ್ಲ. ಅಕ್ಕೋಳದ ಒಬ್ಬ ಪೈಲ್ವಾನನನ್ನು ಕರೆತಂದೆ. ಅಂಗಿ ಕಳಚಿ ನಿಂತ. ಹುಡುಗರು ಅವನ ಮೈಮೇಲೆ ಖಡುವಿನಿಂದ ಗೆರೆ ಎಳೆದು ಒಂದೊಂದೇ ಸ್ನಾಯುವಿನ ಹೆಸರು ಕೂಗಿದರು. ಅಂದು ಯಾರೂ ತೂಕಡಿಸಲಿಲ್ಲ. ಪೈಲ್ವಾನ ಗಂಭೀರವಾಗಿ ಎಲ್ಲ ಕೇಳಿಸಿಕೊಂಡ.

"ಮಾಸ್ತರ, ನನ್ನ ಮೈಯಾಗ ಇಷ್ಟ ಹೆಸರಿನ ಮಂದಿ ಅದಾರಂತ ಗೊತ್ತಿದ್ರ, ಸಾಂಗ್ಲಿ ಕುಸ್ತ್ಯಾಗ ಹೆದರತಿದ್ದಿಲ್ಲ."

೩. ಪರೀಕ್ಷೆ

ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿದ್ದರು. "ಇದು ಕಾಲೇಜೋ, ಕುಸ್ತಿ ತಾಲೀಮೋ? ಮೌಖಿಕ ಪರೀಕ್ಷಾದಾಗ ಹುಡುಗರು ಬಿದ್ರ ಪೈಲ್ವಾನನೂ ಬಂದ್, ನಿಮ್ಮ ಹಲಗೀನೂ ಬಂದ್."

ಪರೀಕ್ಷಕರು ಹೊರಗಿನವರು. ಪ್ರಿನ್ಸಿಪಾಲರೂ ನಾನೂ ಗೋಡೆಗೆ ಒರಗಿ ನಿಂತೆವು. ಮೊದಲ ಸರದಿ ಮುಗಳಖೋಡದವನದೇ. ಪರೀಕ್ಷಕರು ಹೆಣದ ಭುಜ ತೋರಿಸಿ, "ಈ ಸ್ನಾಯುವಿನ ಕೆಲಸವೇನು?" ಎಂದರು.

ಹುಡುಗ ಹೆಣದ ಭುಜ ನೋಡಿದ, ತನ್ನ ಭುಜ ನೋಡಿಕೊಂಡ. ಪ್ರಿನ್ಸಿಪಾಲರು ನನ್ನತ್ತ ನೋಡಿದರು.

ಹುಡುಗ ಪಟ್ಟನೆ ತೊಡೆ ತಟ್ಟಿದ. "ನಾ ತೋಳ ಎತ್ತತೀನ್ರಿ ಸರ್. ನೀವು ಒತ್ತಿ ಹಿಡೀರಿ."

ಪರೀಕ್ಷಕರು ಎರಡೂ ಕೈ ಹಾಕಿ ಒತ್ತಿದರು. ಹುಡುಗನ ತೋಳು ಏರಿತು. ಅವರ ಹಿಮ್ಮಡಿಯೂ ಏರಿತು.

"ಡೆಲ್ಟಾಯ್ಡ್ ಅಂತಾರ್ರಿ. ತೋಳ ಪಕ್ಕಕ್ಕ ಎತ್ತತೈತಿ. ಇದರ ನರಕ್ಕ ಪೆಟ್ಟ ಬಿದ್ದಿದ್ರ ನೀವು ಗೆಲ್ತಿದ್ರಿ."

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡರು. "ಭೇಷ್. ಯಾರು ಕಲಿಸಿದ್ದು?"

ನಾನು ಅಂಗಿ ಜಗ್ಗಿಕೊಂಡು ನೆಟ್ಟಗೆ ನಿಂತೆ.

"ಅಕ್ಕೋಳದ ಪೈಲ್ವಾನ್ರು ರೀ ಸರ್" ಎಂದ ಹುಡುಗ.

ಆ ವರ್ಷ ನನ್ನ ಹುಡುಗರಲ್ಲಿ ಒಬ್ಬನೂ ಬೀಳಲಿಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಸಂಜೆ ಪ್ರಿನ್ಸಿಪಾಲರು ಕರೆಸಿದರು. "ಪೈಲ್ವಾನ್ರು ವರ್ಷಾ ವರ್ಷಾ ಬರಲಿ. ಅವರಿಗೆ ಹಾಲು, ಬದಾಮ ಕಾಲೇಜಿಂದ." ನಾನು ಬಾಗಿಲು ದಾಟುವಾಗ ನೆನಪಾಗಿ ಕೇಳಿದರು, "ಮತ್ತ ನಿಮಗ?"

"ಖಡು ಸಾಕ್ರಿ. ಬಣ್ಣದ್ದು."